ಕೃಷ್ಣಗಿರಿಯ ಗುಹೆಗಳಲ್ಲಿ ಅಮೋಘವರ್ಷನ ಹೆಸರು

ಗಡಹಿಂಗ್ಲಜ, ಕೊಲ್ಲಾಪುರ, ಇಚಲಕರಂಜಿಗಳ ನಮ್ಮ ಶಾಲೆಗಳಿಂದ ಮಕ್ಕಳ ಪ್ರವಾಸ ಹೊರಡುವಾಗ ಪನ್ಹಾಳಗಡ, ಜ್ಯೋತಿಬಾ, ಖಿದ್ರಾಪುರದ ಕೋಪೇಶ್ವರ ಇವು ಯಾದಿಯಲ್ಲಿ ತಪ್ಪದೆ ಇರುತ್ತವೆ. ಮುಂಬಯಿಯವರೆಗೆ ಹೋದವರು ರಾಣಿಯ ಬಾಗ, ಚೌಪಾಟಿಗಳನ್ನು ನೋಡಿ ಮರಳುತ್ತಾರೆ. ಆ ಮಹಾನಗರದ ಮಗ್ಗುಲಲ್ಲಿಯೇ ಇರುವ ಬೊರಿವಲಿಯ ಅರಣ್ಯೋದ್ಯಾನವನ್ನೂ ಅದರೊಳಗಿನ ಕಾನ್ಹೇರಿ ಗುಹೆಗಳನ್ನೂ ಕಂಡು ಬಂದವರು ವಿರಳ. ಇತಿಹಾಸವನ್ನು ಕಲಿಸುವ ಕನ್ನಡ ಶಿಕ್ಷಕನು ಆ ಬೆಟ್ಟದಲ್ಲಿ ಒಂದು ದಿನವನ್ನಾದರೂ ಕಳೆಯಬೇಕೆಂದು ನನ್ನ ಅಭಿಪ್ರಾಯ. ಅಲ್ಲಿ ನೃಪತುಂಗ ಅಮೋಘವರ್ಷನ ಹೆಸರು ಕಲ್ಲಿನಲ್ಲಿದೆ. ಅದು ಅಲ್ಲಿ ಇರುವ ರೀತಿಯು ನಮ್ಮಂಥ ಗಡಿಯ ಜನರು ವಿಚಾರಿಸತಕ್ಕದ್ದಾಗಿದೆ.

ಅರಬ್ಬೀ ಸಮುದ್ರದ ದಂಡೆಯ ಸಾಷ್ಟಿ ದ್ವೀಪದ ನಡುವೆ ಸುಮಾರು 104 ಚದರ ಕಿಲೋಮೀಟರುಗಳಷ್ಟು ಹರಡಿರುವ ಈ ಕಾಡಿಗೆ ಈಗ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಹೆಸರು. ಸುತ್ತಲೂ ಜನಸಂದಣಿ, ಒಳಗೆ ಚಿರತೆಗಳ ವಾಸ. ಮುಂಬಯಿಗೆ ನೀರು ಕೊಡುವ ವಿಹಾರ ಮತ್ತು ತುಳಸಿ ಕೆರೆಗಳು ಈ ಗುಡ್ಡಗಳ ಮಡಿಲಲ್ಲಿಯೇ ಇವೆ. ವಿಹಾರ ಕೆರೆಯ ಕೆಲಸ 1860ರಲ್ಲಿಯೂ ತುಳಸಿಯದು 1879ರಲ್ಲಿಯೂ ಮುಗಿಯಿತು. ಆದರೆ ಈ ಬೆಟ್ಟದ ಮಳೆಯ ನೀರನ್ನು ಹಿಡಿದಿಡುವ ವಿದ್ಯೆ ಅದಕ್ಕಿಂತ ಬಹಳ ಹಳೆಯದು. ಬೌದ್ಧ ಭಿಕ್ಷುಗಳು ಬಂಡೆಯ ಮೈಯಲ್ಲಿ ಕಾಲುವೆಗಳನ್ನು ಕೊರೆದು, ಗುಹೆಯ ಮಗ್ಗುಲಲ್ಲಿ ತೊಟ್ಟಿಗಳನ್ನು ತೋಡಿ ನೀರನ್ನು ಸಂಗ್ರಹಿಸಿದ್ದರು. ಮಳೆಗಾಲದಲ್ಲಿ ಸಂಚಾರವನ್ನು ನಿಲ್ಲಿಸಿ ಒಂದೇ ಕಡೆ ತಂಗುವುದು ಅವರ ನಿಯಮ. ಅದಕ್ಕೆ ವರ್ಷಾವಾಸವೆಂದು ಹೆಸರು. ಇಂದಿನ ಶಿಬಿರಾರ್ಥಿಗಳು ಡೇರೆ ಹೂಡುವಂತೆ ಅವರು ಕಲ್ಲಿನಲ್ಲಿಯೇ ಬಿಡಾರವನ್ನು ಹೂಡಿದರೆನ್ನಬಹುದು. ಕೋಣೆಗಳಲ್ಲಿ ಮಲಗುವ ಕಟ್ಟೆಗಳು ಇಂದಿಗೂ ಇವೆ. ಮಕ್ಕಳನ್ನು ಆ ಕಟ್ಟೆಯ ಮೇಲೆ ಕೂಡಿಸಿ ಪಾಠ ಹೇಳಿದರೆ ಪುಸ್ತಕದ ಹತ್ತು ಪುಟಗಳ ಕೆಲಸವಾದೀತು.

ಗುಹೆಗಳ ಸಂಖ್ಯೆ ನೂರನ್ನು ಮೀರುತ್ತದೆ. ಕ್ರಿಸ್ತಶಕದ ಆರಂಭದ ಸುಮಾರಿನಿಂದ ಸಾವಿರ ವರ್ಷಗಳ ಕಾಲ ಅಲ್ಲಿ ಕೆಲಸ ನಡೆಯಿತು. ಪ್ರಾಕೃತದಲ್ಲಿ ಕಣ್ಹಗಿರಿ, ಸಂಸ್ಕೃತದಲ್ಲಿ ಕೃಷ್ಣಗಿರಿ, ಅಂದರೆ ಕರಿಯ ಬೆಟ್ಟ. ಕಾನ್ಹೇರಿ ಎಂಬುದು ಅದರದೇ ರೂಪ. ಮೂರನೆಯ ಗುಹೆಯ ಚೈತ್ಯದಲ್ಲಿ ಸಾತವಾಹನ ಯಜ್ಞಶ್ರೀಯ ಕಾಲದ ಶಾಸನವಿದೆ. ಕಲ್ಯಾಣ, ಸೋಪಾರಾ, ನಾಸಿಕಗಳ ವರ್ತಕರೂ ಗೃಹಸ್ಥರೂ ಇಲ್ಲಿ ದಾನಗಳನ್ನು ಮಾಡಿದರು. ಬಂದರದ ಹಣವು ಬೆಟ್ಟವನ್ನೇರಿ ಕಲ್ಲಾಯಿತು.

ನಮಗೆ ಮುಖ್ಯವಾದವು ಒಂಬತ್ತನೆಯ ಶತಮಾನದ ಮೂರು ಸಂಸ್ಕೃತ ಶಾಸನಗಳು. ಮಾನ್ಯಖೇಟದಲ್ಲಿ ಆಗ ಆಳುತ್ತಿದ್ದವನು ರಾಷ್ಟ್ರಕೂಟ ಅಮೋಘವರ್ಷ (814-878). ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನ ಸಾಮಂತರಾಗಿ ಉತ್ತರ ಕೊಂಕಣವನ್ನು ಶಿಲಾಹಾರರು ಆಳುತ್ತಿದ್ದರು. ಶಕ 765ರ ಸುಮಾರಿನ ಶಾಸನವು ಪುಲ್ಲಶಕ್ತಿಯ ಕಾಲದ್ದು. ಶಕ 775 ಮತ್ತು 799ರವು ಅವನ ಮಗ ಎರಡನೆಯ ಕಪರ್ದಿಯ ಕಾಲದವು. ಅಮೋಘವರ್ಷನನ್ನು ಸಾರ್ವಭೌಮನೆಂದು ಹೇಳಿ, ಆ ಮೇಲೆ ಸಾಮಂತನ ಹೆಸರು ಬರುತ್ತದೆ. ಶಕ 775ರಲ್ಲಿ ಗೌಡದೇಶದ, ಎಂದರೆ ಬಂಗಾಳದ ಕಡೆಯ, ಅವಿಘ್ನಾಕರನೆಂಬ ಬೌದ್ಧನು ಧ್ಯಾನದ ಕೋಣೆಗಳನ್ನು ಮಾಡಿಸಿ ನೂರು ದ್ರಮ್ಮಗಳ ಶಾಶ್ವತ ನಿಧಿಯನ್ನಿಟ್ಟನು. ಪುಲ್ಲಶಕ್ತಿಯ ಕಾಲದ ದಾನದಲ್ಲಿ ಪೂಜೆ, ವಿಹಾರದ ದುರಸ್ತಿ, ಭಿಕ್ಷುಗಳ ವಸ್ತ್ರ ಇವುಗಳ ಜೊತೆಗೆ ಪುಸ್ತಕಗಳಿಗೂ ಹಣವನ್ನು ತೆಗೆದಿರಿಸಿದ್ದಾರೆ. ಶಾಲೆಯ ಗ್ರಂಥಾಲಯಕ್ಕಾಗಿ ಊರವರ ಮನೆಮನೆಗೆ ಅಲೆದ ಶಿಕ್ಷಕ ಬಂಧುಗಳು ಈ ಮಾತನ್ನು ಓದಿ ನಗದೆ ಇರಲಾರರು.

ಇಷ್ಟನ್ನು ಕೇಳಿದ ಚುರುಕಾದ ಹುಡುಗನು “ಗುರುಗಳೇ, ಹಾಗಾದರೆ ಮುಂಬಯಿಯೂ ಕನ್ನಡ ನಾಡಾಗಿತ್ತೇನು?” ಎಂದು ಕೇಳಿಯೇ ಕೇಳುವನು. ಹೌದೆನ್ನುವ ಆಸೆ ನಮಗೂ ಆಗುತ್ತದೆ. ಆದರೆ ಶಾಸನವು ಹಾಗೆ ಹೇಳುವುದಿಲ್ಲ. ಅರಸನು ಕನ್ನಡ ನಾಡಿನವನು; ದಾನಿಯು ಬಂಗಾಳದ ಕಡೆಯವನು; ದಾನವನ್ನು ಪಡೆದವರು ಬೌದ್ಧರು; ಅರಸನೋ ಜೈನಧರ್ಮಕ್ಕೆ ಒಲಿದವನು; ಭಾಷೆ ಸಂಸ್ಕೃತ. ಅರಸನ ಆಜ್ಞೆ ನಡೆದ ಕಡೆಗಳಲ್ಲೆಲ್ಲ ಅವನ ನುಡಿಯೂ ನಡೆಯಿತೆಂದು ಹೇಳಲು ಬರುವುದಿಲ್ಲ. ಇದು ಅವನ ಆಸ್ಥಾನದವರಿಗೂ ತಿಳಿದಿತ್ತು. ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಗುರುತಿಸುತ್ತದೆ, ಅವನ ರಾಜ್ಯದ ಎಲ್ಲೆಯನ್ನೇ ನಾಡಿನ ಎಲ್ಲೆಯೆಂದು ಹೇಳುವುದಿಲ್ಲ.

ನಮ್ಮ ಮನೆಯಂಗಳದ ಉದಾಹರಣೆಯನ್ನೇ ನೋಡಬಹುದು. ಶಿಲಾಹಾರರ ಇನ್ನೊಂದು ಶಾಖೆಯು ಕೊಲ್ಲಾಪುರ, ಪನ್ಹಾಳಗಳಿಂದ ಆಳಿತು. ತಗರಪುರದ ಒಡೆಯರೆಂಬ ಬಿರುದು ಎರಡು ಶಾಖೆಗಳಿಗೂ ಇದೆ. ತಗರವೆಂದರೆ ಇಂದಿನ ತೇರ ಗ್ರಾಮ. ಗಂಡರಾದಿತ್ಯ ಮೊದಲಾದ ಕೊಲ್ಲಾಪುರದ ಅರಸರ ಶಾಸನಗಳಲ್ಲಿ ಅನೇಕವು ಕನ್ನಡದಲ್ಲಿವೆ. ಕೊಂಕಣದ ಶಾಖೆಯ ಶಾಸನಗಳಲ್ಲಿ ಸಂಸ್ಕೃತದ ಜೊತೆಗೆ ಮುಂದೆ ಮರಾಠಿಯು ಕಾಣಿಸಿಕೊಳ್ಳುತ್ತದೆ. ವಂಶ ಒಂದೇ, ಬಿರುದು ಒಂದೇ. ಓದಿ ತಿಳಿಯಬೇಕಾದ ಜನರು ಬೇರೆ. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆಯನ್ನಾಡುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸಲು ಬಹಳ ಹೊತ್ತು ಬೇಕಾಗುವುದಿಲ್ಲ.

ತೊಂಬತ್ತನೆಯ ಗುಹೆಯನ್ನು ಮರೆಯದೆ ನೋಡಬೇಕು. ಪಾರಸಿ ಯಾತ್ರಿಕರು ಕ್ರಿ. ಶ. 1009 ಮತ್ತು 1021ರಲ್ಲಿ ಇಲ್ಲಿಗೆ ಬಂದು ತಮ್ಮ ಹೆಸರುಗಳನ್ನು ಪಹ್ಲವಿ ಲಿಪಿಯಲ್ಲಿ ಕೆತ್ತಿ ಹೋಗಿದ್ದಾರೆ. ಗೋಡೆಯ ಮೇಲೆ ಹೆಸರು ಗೀಚಬಾರದೆಂದು ಗದರಿಸುವ ಗುರುಗಳಿಗೆ ಇಲ್ಲಿ ಸ್ವಲ್ಪ ಪೇಚಾಟವೇ ಸರಿ!

ಹೋಗುವವರಿಗೆ ಎರಡು ಮಾತು. ಕೊಲ್ಲಾಪುರದಿಂದ ರಾತ್ರಿಯ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಹಿಡಿದು, ದಾದರದಲ್ಲಿ ಇಳಿದು, ಪಶ್ಚಿಮ ಮಾರ್ಗದ ಲೋಕಲ್ ಗಾಡಿಯಲ್ಲಿ ಬೊರಿವಲಿಗೆ ಹೋಗಬೇಕು. ಉದ್ಯಾನದ ದ್ವಾರದಿಂದ ಗುಹೆಗಳು ಆರೇಳು ಕಿಲೋಮೀಟರು ಒಳಗಿವೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಕಾಡಿನಲ್ಲಿ ಶಿಬಿರ ಹೂಡಬೇಕೆಂದರೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ಮಳೆ ನಿಂತ ಹೊಸತರಲ್ಲಿ ಹೋದರೆ ಆ ಹಳೆಯ ತೊಟ್ಟಿಗಳಲ್ಲಿ ನೀರು ನಿಂತಿರುವುದನ್ನು ಕಾಣಬಹುದು.