ಕಡ ತಂದ ಟೀವಿ

ನಾನು ಮೊದಲ ಸಲ ಟೀವಿ ನೋಡಿದ್ದು ಮಟಮಾರಿಯಲ್ಲಲ್ಲ, ಇದೇ ರಾಯಚೂರು ಜಿಲ್ಲೆಯ ಸೋದರಮಾವನ ಊರಲ್ಲಿ. ಆಗ ನನಗೆ ಆರು ವರ್ಷ. ಶಾಲೆಯ ಮಾಳಿಗೆಯ ಮೇಲೆ ಹತ್ತು ಅಡಿ ಅಗಲದ ತಂತಿಬಲೆಯ ಛತ್ರಿ, ಒಳಗೆ ಕಪ್ಪು ಬಿಳುಪಿನ ಡಬ್ಬಿ. ಸಂಜೆಯಾದರೆ ಊರೆಲ್ಲ ಅದರ ಮುಂದೆ ಕೂಡುತ್ತಿತ್ತು.

ಅದು 'ಸೈಟ್' ಪ್ರಯೋಗವೆಂದು ತಿಳಿದದ್ದು ನಾನು ಮಾಸ್ತರಿಕೆಗೆ ಸೇರಿದ ಮೇಲೆ. ವಿಕ್ರಮ್ ಸಾರಾಭಾಯಿ ಅವರ ಕನಸಿನಂತೆ 1969ರಲ್ಲಿ ಅಮೆರಿಕದ ನಾಸಾದೊಡನೆ ಒಪ್ಪಂದವಾಯಿತು. 36 ಸಾವಿರ ಕಿಲೋಮೀಟರ್ ಎತ್ತರದ ಎಟಿಎಸ್-6 ಉಪಗ್ರಹದಿಂದ 1975ರ ಆಗಸ್ಟ್ 1ರಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ಶುರುವಾಯಿತು. ಕರ್ನಾಟಕದಲ್ಲಿ ಆರಿಸಿದ್ದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಮುಂಜಾನೆ ಶಾಲೆಯ ಮಕ್ಕಳಿಗೆ, ಸಂಜೆ ಒಕ್ಕಲುತನ, ಆರೋಗ್ಯ. ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಕಳಿಸುವ ಅನುಕೂಲವೂ ಅದರಲ್ಲಿತ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಹಿಂದುಳಿದವರೆನ್ನಿಸಿಕೊಂಡ ನಾವು ಆ ಒಂದು ಸಂಗತಿಯಲ್ಲಿ ಆರು ವರ್ಷ ಮುಂದಿದ್ದೆವು!

1976ರ ಜುಲೈ 31ಕ್ಕೆ ಅದು ಮುಗಿಯಿತು. ಉಪಗ್ರಹ ಅಮೆರಿಕದ ಕಡೆಗೆ ತಿರುಗಿತು.

"ಮಾವ, ಟೀವಿ ಯಾಕ ಬರವಲ್ದು?" ಎಂದು ಕೇಳಿದೆ.

"ಕಡ ತಂದ ಸೇರವ್ವ ಅದು. ವಾಪಸ್ ಕೊಟ್ರು," ಎಂದ ಮಾವ.

1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವಾಯಿತು. ನಮ್ಮ ಸೀಮೆಗೊಂದು ಸ್ವಂತ ದನಿ ಬಂತೆಂದು ಹಿರಿಯರು ಹಿಗ್ಗಿದರು. ಆದರೆ ಅದರ ಅಲೆಗಳು ಮಟಮಾರಿಯಷ್ಟು ದೂರ ಮುಟ್ಟುವಂತಿರಲಿಲ್ಲ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಬಂತು, ಜೊತೆಗೆ ಬಣ್ಣವೂ ಬಂತು. ಮುಂದೆ ಬೆಂಗಳೂರಿನ ಚಂದನ ಬಂತು. ಗುಲಬರ್ಗಾದ ಗೋಪುರ ಅಲ್ಲೇ ನಿಂತಿತ್ತು, ಮಾತು ಮಾತ್ರ ಹೆಚ್ಚಿನಂಶ ಬೇರೆ ಊರಿನದಾಯಿತು. 2022ರ ಹೊತ್ತಿಗೆ ಪ್ರಸಾರ ಭಾರತಿ ದೇಶದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುಮಟ್ಟಿಗೆ ಮುಚ್ಚಿತು.

ಇಂದು ನನ್ನ ತರಗತಿಯ ಮಕ್ಕಳ ಮನೆಯಲ್ಲಿ ನೂರಾರು ವಾಹಿನಿಗಳಿವೆ. ನಮ್ಮ ಹತ್ತಿ, ತೊಗರಿ, ನಮ್ಮ ನುಡಿ ಅವುಗಳಲ್ಲಿ ಕಾಣುವುದು ಅಪರೂಪ. ತೆರೆಯ ಮೇಲೆ ನಮ್ಮವರು ಮಾತಾಡಿದರೆ ಅದು ನಗಿಸಲಿಕ್ಕೆ ಎಂದೇ ಮಕ್ಕಳು ತಿಳಿದಿದ್ದಾರೆ.

ಕಡ ತಂದ ಸೇರನ್ನು ತಿರುಗಿ ಕೊಡುವುದು ಸರಿಯೇ. ಆದರೆ ಅದರಲ್ಲಿ ಅಳೆದ ಕಾಳಾದರೂ ಮನೆಯಲ್ಲಿ ಉಳಿಯಬೇಕಿತ್ತಲ್ಲವೇ?