ಪಾಕಶಾಲೆಯೂ ಹೊಗೆಯ ಹಾದಿಯೂ

ಚನ್ನಗಿರಿಯು ಕೆಳದಿಯ ರಾಣಿ ಚೆನ್ನಮ್ಮಾಜಿಯ ಹೆಸರನ್ನು ಹೊತ್ತ ಊರು. ಆಕೆಯು 1672 ರಿಂದ 1697 ರ ವರೆಗೆ ರಾಜ್ಯವಾಳಿದುದೂ, ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೇನೆಯನ್ನು ಎದುರಿಸಿದುದೂ ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. ಆಕೆಯ ದತ್ತುಪುತ್ರನಾದ ಬಸವಪ್ಪನಾಯಕನು ಸುಮಾರು 1709 ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ವನ್ನು ಬಲ್ಲವರು ಮಾತ್ರ ಕಡಮೆ. ರಾಜನೀತಿ, ಸಂಗೀತ, ವೈದ್ಯಗಳೊಡನೆ ಪಾಕಶಾಲೆ, ಒಲೆ, ಪಾತ್ರೆಗಳ ವಿಚಾರವೂ ಅದರಲ್ಲಿ ಬಂದಿದೆ. ರಾಜ್ಯಭಾರದ ನಡುವೆ ಅರಸನೊಬ್ಬನು ಒಲೆಯ ಮಾತನ್ನು ಕೀಳೆಂದೆಣಿಸಲಿಲ್ಲವೆಂಬುದು ಮೆಚ್ಚತಕ್ಕದ್ದೇ ಸರಿ.

ಈ ಶಾಸ್ತ್ರವು ಕನ್ನಡನಾಡಿಗೆ ಆಗ ಹೊಸದೂ ಆಗಿರಲಿಲ್ಲ. ಸುಮಾರು 1025 ರಲ್ಲಿ ಚಾವುಂಡರಾಯನು (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದವನು) ತನ್ನ ‘ಲೋಕೋಪಕಾರ’ದಲ್ಲಿ ವಾಸ್ತುವಿಗೊಂದು, ಸೂಪಶಾಸ್ತ್ರಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟನು. ಶತಮಾನ ಕಳೆದ ಬಳಿಕ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವು ರಾಜಭೋಗಗಳಲ್ಲೊಂದಾಯಿತು. ಆದರೆ ಅರಮನೆಯಲ್ಲಿ ನೀರು ಹೊರುವವರು ಬೇರೆ, ಸೌದೆ ಸೀಳುವವರು ಬೇರೆ, ಅರೆಯುವವರು ಬೇರೆ. ಗೃಹಸ್ಥನ ಮನೆಯಲ್ಲಿ ಈ ಊಳಿಗವೆಲ್ಲ ಒಬ್ಬಳ ಪಾಲಿನದು. ಅವಳು ದಿನಕ್ಕೆ ಎಷ್ಟು ಸಲ ಬಗ್ಗಿ ಎದ್ದಳು, ಬಾವಿಗೂ ಒಲೆಗೂ ಎಷ್ಟು ಸಲ ನಡೆದಳು ಎಂಬ ಲೆಕ್ಕವನ್ನು ಅರಸರ ಗ್ರಂಥಗಳಲ್ಲಿ ಹುಡುಕಿ ಫಲವಿಲ್ಲ, ಮನೆಗಳನ್ನೇ ನೋಡಬೇಕು.

ಜಗಳೂರಿನದು ಮಳೆ ಕಡಮೆಯಾದ ಸೀಮೆ. ಅಲ್ಲಿ ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಅಪರೂಪಕ್ಕೊಂದು ಕಿಟಕಿ. ಅಡಿಗೆಮನೆಯ ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯೊಂದರಿಂದಲೇ ಬೆಳಕು ಇಳಿಯಬೇಕು, ಹೊಗೆ ಏರಬೇಕು. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಹತ್ತಿಕಟ್ಟಿಗೆ, ಜೋಳದ ಕೂಳೆ, ಕುಳ್ಳುಗಳ ಉರಿಯ ಮುಂದೆ ಕುಳಿತು ರೊಟ್ಟಿ ಬಡಿಯುವವಳ ಕಣ್ಣಿನ ಅವಸ್ಥೆಯನ್ನು ವರ್ಣಿಸಬೇಕಾದುದಿಲ್ಲ. ಚನ್ನಗಿರಿ, ಹೊನ್ನಾಳಿ ಮತ್ತು ಆಗ ಹೊನ್ನಾಳಿಗೇ ಸೇರಿದ್ದ ನ್ಯಾಮತಿಯ ಕಡೆ ನಾಡಹೆಂಚಿನ ಇಳಿಜಾರು ಸೂರು ಬಹಳವಾಗಿತ್ತು. ಹೆಂಚಿನ ಸಂದಿಗಳಿಂದ ಹೊಗೆ ತಾನಾಗಿ ಸೋರಿಹೋಗುತ್ತಿತ್ತು. ಹೋಗುವ ಮುನ್ನ ಅಟ್ಟದ ಸೌದೆಯನ್ನು ಒಣಗಿಸಿ, ತೊಲೆಗಳನ್ನು ಹುಳುವಿನಿಂದ ಕಾಯುತ್ತಿತ್ತು. 1865 ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ, ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಳ್ಳುವ ಹೆಂಚು ಕ್ರಮೇಣ ಒಳನಾಡಿಗೂ ಬಂದಿತು. ಸೋರುವ ಮಳೆ ನಿಂತಿತು. ಹೊಗೆಗೆ ಬೇರೆ ದಾರಿ ಮಾಡಿಕೊಡದವರ ಮನೆಯಲ್ಲಿ ಅದೂ ಒಳಗೇ ನಿಂತಿತು.

ಒಲೆಯು ಆಗ್ನೇಯಮೂಲೆಯಲ್ಲಿರಬೇಕು, ಅಡಿಗೆ ಮಾಡುವವರು ಪೂರ್ವಾಭಿಮುಖರಾಗಿರಬೇಕು ಎಂಬುದು ವಾಸ್ತುವಿನ ವಿಧಿ. ಅಗ್ನಿಯ ದಿಕ್ಕೆಂಬ ಕಾರಣ ಹಾಗಿರಲಿ. ಬೆಳಗಿನ ಬಿಸಿಲು ಒಲೆಯ ಬಳಿಗೆ ಬರುವುದೂ, ಪಡುವಣಿಂದ ಬೀಸುವ ಮುಂಗಾರುಗಾಳಿಯು ಹೊಗೆಯನ್ನು ನಡುಮನೆಗೆ ಬಿಡದೆ ಹೊರಗಟ್ಟುವುದೂ ಪ್ರತ್ಯಕ್ಷವಾದ ಪ್ರಯೋಜನಗಳು. ಆದರೆ ಮಾರ್ಗಶಿರದ ಹೊತ್ತಿಗೆ ಗಾಳಿ ಮೂಡಲಿಂದ ತಿರುಗುವುದು. ಆಗ ಅದೇ ಹೊಗೆ ದೇವರಮನೆಯ ವರೆಗೂ ಬರುವುದು. ದಿಕ್ಕನ್ನು ಗೊತ್ತುಮಾಡಿದ ಮಾತ್ರಕ್ಕೆ ಹೊಗೆಯ ಹಾದಿ ಗೊತ್ತಾಗುವುದಿಲ್ಲ. ಶಾಸ್ತ್ರಕ್ಕಿಂತ ಕೋಡೊಲೆಯನ್ನು ಕಂಡುಹಿಡಿದವರ ಬುದ್ಧಿ ಇಲ್ಲಿ ಹೆಚ್ಚಿನದು: ಒಂದೇ ಉರಿಯಲ್ಲಿ ಮುಂದೆ ಅನ್ನ ಬೇಯುವುದು, ಹಿಂದೆ ಸಾರು ಕುದಿಯುವುದು.

ಇದೇ ಯುಕ್ತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುಂದುವರಿಸಿದರು. ಅಮೂಲ್ಯ ರೆಡ್ಡಿಯವರು 1974 ರಲ್ಲಿ ಅಲ್ಲಿ ಸ್ಥಾಪಿಸಿದ ‘ಅಸ್ತ್ರ’ ಎಂಬ ಗ್ರಾಮೋಪಯೋಗಿ ವಿಭಾಗದಿಂದ ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಹೊರಟಿತು. ಹಳೆಯ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತಿದ್ದಿತು; ಇದರಲ್ಲಿ ಅದು ಬಹುವಾಗಿ ಹೆಚ್ಚಿತು. ಕೊಳವೆಯಲ್ಲಿ ಮಸಿ ಕಟ್ಟದಂತೆ ಆಗಾಗ ತೆಗೆಯುತ್ತಿರಬೇಕೆಂಬುದೊಂದೇ ನಿರ್ಬಂಧ. ಆದರೆ ಆ ಕೆಲಸವೂ ಗೃಹಿಣಿಯ ತಲೆಗೇ ಬಂದಿತು!

ಹೊಗೆಯ ಮಾತು ಹೀಗಾಯಿತು. ಹೆಜ್ಜೆಯ ಲೆಕ್ಕವನ್ನು ಹಿಡಿದವರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿದ್ದ ಆಸ್ಟ್ರಿಯದ ವಾಸ್ತುಶಿಲ್ಪಿ ಮಾರ್ಗರೆಟ್ ಶುಟ್ಟೆ ಲಿಹೋಟ್ಸ್ಕಿ ಎಂಬಾಕೆ ಮುಖ್ಯಳು. ಆಕೆಯು ರೈಲಿನ ಊಟದ ಬಂಡಿಯ ಅಡಿಗೆಕೋಣೆಯನ್ನು ಮಾದರಿಯಾಗಿಟ್ಟುಕೊಂಡು, 1926 ರಲ್ಲಿ ಕಾರ್ಮಿಕರ ಮನೆಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಪಾಕಶಾಲೆಯೊಂದನ್ನು ರೂಪಿಸಿದಳು. ಅಂಥವು ಹತ್ತು ಸಾವಿರದಷ್ಟು ಕಟ್ಟಲ್ಪಟ್ಟವು. ನೀರು, ಒಲೆ, ಹೆಚ್ಚುವ ಹಲಗೆ ಎಲ್ಲವೂ ಕೈಗೆಟಕುವಂತಿದ್ದವು. ಒಬ್ಬರೇ ಬೇಯಿಸುವ ಮನೆಗೆ ಅದು ಸರಿ. ಹಪ್ಪಳ ಸಂಡಿಗೆಗೆ ನಾಲ್ವರು ಕೂಡುವ, ಅತ್ತೆಯು ಕುಳಿತು ತರಕಾರಿ ಹೆಚ್ಚುವ ಹೊನ್ನಾಳಿಯ ಮನೆಗೆ ಆ ಅಗಲ ಸಾಲದು.

2016 ರಲ್ಲಿ ಉಜ್ವಲಾ ಯೋಜನೆಯು ಬಡವರ ಮನೆಗಳಿಗೂ ಅನಿಲವನ್ನು ತಂದಿತು. ಒಲೆಯು ನೆಲದಿಂದ ಕಟ್ಟೆಗೇರಿತು. ಒರಳು ಹಿತ್ತಿಲು ಸೇರಿತು. ಹಿತ್ತಿಲಲ್ಲಿ ಸೌದೆಯೊಲೆಯೊಂದು ಸ್ನಾನದ ನೀರಿಗೂ ರೊಟ್ಟಿಗೂ ಹಲವೆಡೆ ಉಳಿದೇ ಇದೆ. ಬಯಲಿನಲ್ಲಿರುವುದರಿಂದ ಅದರ ಹೊಗೆಯ ಚಿಂತೆ ಅಷ್ಟಿಲ್ಲ. ಒಳಗಿನ ಕಟ್ಟೆಯ ಎತ್ತರವನ್ನು ಮಾತ್ರ ಇನ್ನೂ ಎಷ್ಟೋ ಮನೆಗಳಲ್ಲಿ ಗಾರೆಯವನೇ ತನ್ನ ರೂಢಿಯಂತೆ ಗೊತ್ತುಮಾಡುತ್ತಾನೆ. ಅಡಿಗೆ ಮಾಡುವವಳನ್ನು ನಿಲ್ಲಿಸಿ, ಅವಳ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಗೋಡೆಗೆ ಗೆರೆಯೆಳೆದುಕೊಳ್ಳಲು ಗಳಿಗೆಯ ಹೊತ್ತೂ ಹಿಡಿಯದು.