ಜೋಡಿಗತ್ತಿಯ ರೋಗ್

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಎರಡು ಕೈಗೆ ಎರಡು ಆಯುಧ ಹಿಡಿದು, ಎದುರಾಳಿ ಮೈಮರೆತ ಗಳಿಗೆ ನೋಡಿ ಹೊಡೆಯುವ ಠಕ್ಕ ಪಾತ್ರ. ಹೆಸರು ಇಂಗ್ಲಿಷಿನದು, ಬರೆಯುವಾಗ ಕೊನೆಯ ಅಕ್ಷರ ಪೂರ್ತಿಯಾದರೆ ಕನ್ನಡದಲ್ಲಿ ಕಾಯಿಲೆಯಾಗಿಬಿಡುತ್ತದೆ. ಈ ಪಾತ್ರವನ್ನು ಗಟ್ಟಿಯಾಗಿ ಕಟ್ಟುವ ಬಗೆ ಅರ್ಧ ಶತಮಾನದಲ್ಲಿ ಹಲವು ಸಲ ಬದಲಾಗಿದೆ. ಬದಲಾವಣೆಗಳೆಲ್ಲ ಸುತ್ತುವುದು ಒಂದೇ ಪ್ರಶ್ನೆಯ ಸುತ್ತ: ಹೊಂಚಿ ಹೊಡೆದದ್ದಕ್ಕೆ ಸಿಗುವ ಹೆಚ್ಚುವರಿ ಪೆಟ್ಟು ಪ್ರತಿ ಏಟಿಗೂ ಸಿಗುತ್ತದೋ, ಸರದಿಗೆ ಒಂದೇ ಸಲವೋ?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಕಳ್ಳನೇ ಇರಲಿಲ್ಲ. ಇದ್ದದ್ದು ಕಾದಾಳು, ಮಾಂತ್ರಿಕ, ಪುರೋಹಿತ ಮೂವರೇ. ಬೀಗ ತೆಗೆಯಬಲ್ಲ, ನೆರಳಲ್ಲಿ ಅಡಗಬಲ್ಲ ಪಾತ್ರವೊಂದನ್ನು ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾದ ಏರೋ ಹಾಬೀಸ್ ಅಂಗಡಿಯಲ್ಲಿ ಆಡುತ್ತಿದ್ದವರು ಕಲ್ಪಿಸಿಕೊಂಡರು. ಸುದ್ದಿ ಗೈಗ್ಯಾಕ್ಸ್ ಕಿವಿಗೆ ಬಿತ್ತು. 1975ರ 'ಗ್ರೇಹಾಕ್' ಪುರವಣಿಯಲ್ಲಿ 'ಥೀಫ್' ಎಂಬ ಹೆಸರಿನಲ್ಲಿ ಅದು ಅಚ್ಚಾಯಿತು. ಹಿಂದಿನಿಂದ ಹೊಡೆದರೆ ಗುರಿಗೆ, ಅಂದರೆ ಏಟು ತಗಲಿತೋ ಎಂದು ನೋಡಲು ಎಸೆಯುವ ದಾಳಕ್ಕೆ, 4 ಅಂಕ ಹೆಚ್ಚು, ಪೆಟ್ಟು ಇಮ್ಮಡಿ: ಮುಂದಿನ ಕಥೆಗೆಲ್ಲ ಬೀಜ ಇದು.

ಎರಡು ಆಯುಧದ ಚಿತ್ರ ಮಾತ್ರ ಬೇರೆ ಕಡೆಯಿಂದ ಬಂದದ್ದು. ಹದಿನಾರನೇ ಶತಮಾನದ ಇಟಲಿಯ ಕತ್ತಿವರಸೆಯಲ್ಲಿ ಬಲಗೈಗೆ ಕತ್ತಿ, ಎಡಗೈಗೆ ಕಠಾರಿ ವಾಡಿಕೆಯಾಗಿತ್ತು. ಅಕಿಲೆ ಮರೋಝೊ 1536ರಲ್ಲಿ ಅದರ ಪಟ್ಟುಗಳನ್ನು ಗ್ರಂಥವಾಗಿಸಿದ್ದ. ಅಲ್ಲಿ ಎಡಗೈ ಕಠಾರಿಯ ಮುಖ್ಯ ಕೆಲಸ ತಡೆಯುವುದು. ಈ ಜೋಡಿಯನ್ನು ಕಳ್ಳನ ಕೈಗಿತ್ತವರು ಕಥೆಗಾರ ಫ್ರಿಟ್ಜ್ ಲೈಬರ್. 1939ರಲ್ಲಿ ಮೊದಲು ಕಾಣಿಸಿಕೊಂಡ ಅವರ ಗ್ರೇ ಮೌಸರ್ ಗಿಡ್ಡ ಆಳು, ಚುರುಕು ಕಳ್ಳ. ಅವನ ಕತ್ತಿಯ ಹೆಸರು ಸ್ಕ್ಯಾಲ್ಪೆಲ್, ಕಠಾರಿಯದು ಕ್ಯಾಟ್ಸ್ ಕ್ಲಾ, ಅಂದರೆ ಬೆಕ್ಕಿನ ಉಗುರು. ಗೈಗ್ಯಾಕ್ಸ್ 1979ರಲ್ಲಿ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ ಕೊಟ್ಟಾಗ ಅದರಲ್ಲಿ ಲೈಬರ್ ಇದ್ದರು.

ಆದರೂ ಹಳೆಯ ನಿಯಮಗಳಲ್ಲಿ ಕಳ್ಳನಿಗೆ ಎರಡನೇ ಆಯುಧದಿಂದ ಹೇಳಿಕೊಳ್ಳುವಂಥ ಲಾಭವಿರಲಿಲ್ಲ. 1978–79ರ 'ಅಡ್ವಾನ್ಸ್ಡ್' ಆವೃತ್ತಿ ಅವನಿಗೆ ಗುರಾಣಿ ಕೊಡಲಿಲ್ಲ, ಹಾಗಾಗಿ ಎಡಗೈ ಖಾಲಿ. ಅಲ್ಲಿ ಕಠಾರಿಯನ್ನೋ ಕೈಗೊಡಲಿಯನ್ನೋ ಹಿಡಿಯಬಹುದಿತ್ತು; ಬೆಲೆ ಬಲಗೈ ಗುರಿಯಲ್ಲಿ 2 ಅಂಕ, ಎಡಗೈ ಗುರಿಯಲ್ಲಿ 4 ಅಂಕದ ಕಡಿತ. ಪಾತ್ರ ಚುರುಕಾಗಿದ್ದಷ್ಟೂ ಕಡಿತ ಇಳಿಯುತ್ತಿತ್ತು. ಬೆನ್ನಿಗೆ ಚೂರಿ ಹಾಕುವ ಲೆಕ್ಕ ಗುಣಾಕಾರದ್ದು: ಪಾತ್ರ ಪಳಗಿದಂತೆ ಏರುವ ಮಟ್ಟಗಳಲ್ಲಿ ಮೊದಲ ನಾಲ್ಕರಲ್ಲಿ ಎರಡು ಪಟ್ಟು, 13ನೇ ಮಟ್ಟದ ಹೊತ್ತಿಗೆ ಐದು ಪಟ್ಟು. ಗುಣಿಸುವಾಗ ಆಯುಧ ದೊಡ್ಡದಿದ್ದಷ್ಟೂ ಒಳ್ಳೆಯದು. ಎಂಟು ಮುಖದ ದಾಳದ ಉದ್ದಕತ್ತಿ ಐದು ಪಟ್ಟಿಗೆ ಸರಾಸರಿ 22.5 ಕೊಟ್ಟರೆ ನಾಲ್ಕು ಮುಖದ ಕಠಾರಿ ಕೊಡುವುದು 12.5. ಅದೂ ಎದುರಾಳಿಗೆ ಸುಳಿವು ಸಿಗದ ಮೊದಲ ಏಟಿಗೆ. ಅವನು ತಿರುಗಿ ನಿಂತ ಮೇಲೆ ಮುಗಿಯಿತು. ಹೀಗಾಗಿ ಆ ಕಾಲದ ಲೆಕ್ಕಬಲ್ಲ ಆಟಗಾರ ಒಂದೇ ಒಳ್ಳೆಯ ಕತ್ತಿಯನ್ನು ನೆಚ್ಚಿಕೊಂಡರೆ ಅಚ್ಚರಿಯಿಲ್ಲ.

1989ರ ಎರಡನೇ ಆವೃತ್ತಿ ಕಳ್ಳನನ್ನೂ ಹಾಡುಗಾರ ಬಾರ್ಡನನ್ನೂ 'ರೋಗ್' ಎಂಬ ಗುಂಪಿಗೆ ಸೇರಿಸಿತು. ಎರಡು ಆಯುಧದ ಕಾಳಗ ಯೋಧರಿಗೆ ಮತ್ತು ಈ ಗುಂಪಿಗೆ ಮಾತ್ರ ಎಂದಿತು. ಆದರೆ ಕಡಿತವೇ ಇಲ್ಲದ ಜೋಡಿಗತ್ತಿಯ ವರ ಸಿಕ್ಕಿದ್ದು ಕಾಡಿನ ಕಾವಲುಗಾರ ರೇಂಜರ್‌ಗೆ. ಅದರ ಹಿಂದಿನ ವರ್ಷವಷ್ಟೇ ಆರ್.ಎ. ಸಾಲ್ವಟೋರ್ ಅವರ 'ದಿ ಕ್ರಿಸ್ಟಲ್ ಶಾರ್ಡ್' ಕಾದಂಬರಿಯಲ್ಲಿ ಎರಡು ಬಾಗುಗತ್ತಿ ಬೀಸುವ ಡ್ರಿಜ್ಟ್ ಬಂದಿದ್ದ. ಅವನೂ ರೇಂಜರನೇ. ಅವನ ಹಗೆ, ಬಾಡಿಗೆ ಕೊಲೆಗಡುಕ ಆರ್ಟೆಮಿಸ್ ಎಂಟ್ರೇರಿ ಕೂಡ ಕತ್ತಿ–ಕಠಾರಿಯ ಜೋಡಿಯವನು.

ಗುಣಾಕಾರ ಹೋಗಿ ಸಂಕಲನ ಬಂದದ್ದು 2000ದಲ್ಲಿ, ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಮೂರನೇ ಆವೃತ್ತಿಯೊಂದಿಗೆ. ಜೋಡಿಗತ್ತಿಯ ರೋಗ್ ನಿಜವಾಗಿ ಹುಟ್ಟಿದ್ದು ಆಗಲೇ ಎನ್ನಬೇಕು. ಕಳ್ಳನ ಹೆಸರೇ 'ರೋಗ್' ಆಯಿತು. ಬೆನ್ನಿರಿತದ ಬದಲು 'ಸ್ನೀಕ್ ಅಟ್ಯಾಕ್': ಮೊದಲ ಮಟ್ಟದಲ್ಲಿ ಆರು ಮುಖದ ದಾಳ ಒಂದು, ಆಮೇಲೆ ಎರಡು ಮಟ್ಟಕ್ಕೊಂದರಂತೆ ಮತ್ತೊಂದು. ಹೊಂಚು ಹಾಕಲೇಬೇಕೆಂದಿಲ್ಲ, ಶತ್ರುವಿನ ಆಚೆ ಬದಿಗೆ ಗೆಳೆಯನೊಬ್ಬ ನಿಂತು ಇಕ್ಕಟ್ಟಿಗೆ ಸಿಕ್ಕಿಸಿದರೂ ಸಾಕು. ಅಷ್ಟೇ ಅಲ್ಲ, ಹೆಚ್ಚುವರಿ ದಾಳ ತಗಲಿದ ಪ್ರತಿ ಏಟಿಗೂ ಉಂಟು. ದಾಳ ಕೂಡುವುದಾದ ಮೇಲೆ ಕಠಾರಿಯೇನು, ಉದ್ದಕತ್ತಿಯೇನು? ಬೇಕಾದದ್ದು ಏಟುಗಳ ಸಂಖ್ಯೆ.

ಎರಡು ಆಯುಧವನ್ನು ಚೆನ್ನಾಗಿ ಬೀಸಲು ಮೊದಲು ಎರಡು 'ಫೀಟ್', ಅಂದರೆ ಕಲಿತು ಪಡೆಯುವ ವಿಶೇಷ ವಿದ್ಯೆ, ಬೇಕಿದ್ದವು. ಅವುಗಳಲ್ಲೊಂದಕ್ಕೆ ಕನ್ನಡದಲ್ಲಿ ಅರ್ಜುನನ ಬಿರುದೇ ಸಿದ್ಧವಾಗಿದೆ: ಸವ್ಯಸಾಚಿತನ. 2003ರ 3.5 ಪರಿಷ್ಕರಣೆ ಎರಡನ್ನೂ ಒಂದಾಗಿಸಿತು. 15 ಅಂಕದ ಚುರುಕುತನವಿದ್ದವರು ಆ ಒಂದನ್ನು ಕಲಿತು, ಎಡಗೈಗೆ ಹಗುರ ಆಯುಧ ಹಿಡಿದರೆ ಎರಡೂ ಕೈಗೆ 2 ಅಂಕದ ಕಡಿತವಷ್ಟೇ. ಒಂಬತ್ತನೇ ಮಟ್ಟದ ರೋಗ್ ಒಬ್ಬನನ್ನು ನೋಡೋಣ. ಸರದಿಗೆ ಬಲಗೈಗೆ ಎರಡು ಏಟು. ಮುಂದಿನ ಮೆಟ್ಟಿಲಿನ ಫೀಟ್ ಕಲಿತಿದ್ದರೆ ಎಡಗೈಗೂ ಎರಡು. ಒಂದೊಂದಕ್ಕೂ ಐದು ದಾಳ. ನಾಲ್ಕೂ ತಗಲಿದರೆ ಇಪ್ಪತ್ತು ದಾಳ, ಸರಾಸರಿ 70, ಕಠಾರಿಯ ಸ್ವಂತ ಪೆಟ್ಟು ಬೇರೆ. ದಾಳಗಳು ಎರಡು ಬೊಗಸೆಯಲ್ಲೂ ಹಿಡಿಸುವುದಿಲ್ಲ. ಪಕ್ಕದವರಿಂದ ಸಾಲ ತರಬೇಕು. ನಾಲ್ಕೂ ತಗಲುವುದು ಅಪರೂಪ ಎಂಬುದೂ ನಿಜ, ಏಕೆಂದರೆ ಪ್ರತಿ ಕೈಯ ಎರಡನೇ ಏಟಿಗೆ ಮತ್ತೆ 5 ಅಂಕ ಕಡಿತ. ಮೇಲಾಗಿ ಅಷ್ಟೂ ಏಟು ಬೇಕೆಂದರೆ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕು, ಅದೂ ತೆಳು ಕವಚದಲ್ಲಿ. ಗೋರಿಯಿಂದ ಎದ್ದ ಹೆಣಗಳಿಗೂ ಮಂತ್ರದ ಬೊಂಬೆಗಳಿಗೂ ಸ್ನೀಕ್ ಅಟ್ಯಾಕ್ ನಾಟುತ್ತಲೇ ಇರಲಿಲ್ಲ. ಅಂಥವು ತುಂಬಿದ ನೆಲಮಾಳಿಗೆಯಲ್ಲಿ ಈ ಮಹಾಶಯ ಬೀಗ ತೆಗೆಯಲಿಕ್ಕಷ್ಟೇ ಲಾಯಕ್ಕು.

ಕಂಪ್ಯೂಟರ್ ಆಟಗಳು ತಮ್ಮದೇ ಲೆಕ್ಕ ಹಾಕಿದವು. 2004ರ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಎರಡು ಆಯುಧ ಹಿಡಿದವನ ಸಾಮಾನ್ಯ ಹೊಡೆತ ಗುರಿ ತಪ್ಪುವ ಸಾಧ್ಯತೆಗೆ ಶೇ. 19 ಸೇರುತ್ತಿತ್ತು, ಎಡಗೈ ಪೆಟ್ಟು ಅರ್ಧವಾಗುತ್ತಿತ್ತು. ಆದ್ದರಿಂದ ಬಲಗೈಗೆ ನಿಧಾನದ ಭಾರಿ ಆಯುಧ, ಎಡಗೈಗೆ ವಿಷ ಸವರಿದ, ಬೇಗ ಬೀಸುವ ಆಯುಧ ಎಂಬ ಪಾಠ ರೂಢಿಗೆ ಬಂತು. ಬಯೋವೇರ್‌ನ 'ಡ್ರ್ಯಾಗನ್ ಏಜ್: ಒರಿಜಿನ್ಸ್' (2009) ಶತ್ರುವಿನ ಬೆನ್ನ ಹಿಂದೆ ನಿಂತು ಹಾಕಿದ ಏಟನ್ನೆಲ್ಲ ಬೆನ್ನಿರಿತವೆಂದೇ ಎಣಿಸಿತು. 'ಲೀಥ್ಯಾಲಿಟಿ' ಎಂಬ ವಿದ್ಯೆ ಕಲಿತ ರೋಗ್‌ಗೆ ಪೆಟ್ಟಿನ ಲೆಕ್ಕದಲ್ಲಿ ತೋಳ್ಬಲದ ಜಾಗಕ್ಕೆ ಜಾಣತನ ಬರುತ್ತಿತ್ತು. ಅಲ್ಲಿ ಯೋಧನೂ ಜೋಡಿಗತ್ತಿ ಹಿಡಿಯಬಹುದಿತ್ತು. 2011ರ ಎರಡನೇ ಭಾಗ ಅದನ್ನು ರೋಗ್‌ಗಷ್ಟೇ ಉಳಿಸಿತು.

ಮೇಜಿನ ಆಟದಲ್ಲಿ ಅಷ್ಟರಲ್ಲಿ ಲಗಾಮು ಬಿದ್ದಾಗಿತ್ತು. 2008ರ ನಾಲ್ಕನೇ ಆವೃತ್ತಿ ಸ್ನೀಕ್ ಅಟ್ಯಾಕನ್ನು ಸುತ್ತಿಗೊಮ್ಮೆ, ಅಂದರೆ ಎಲ್ಲರ ಸರದಿಯೂ ಒಮ್ಮೆ ಮುಗಿಯುವುದರೊಳಗೆ ಒಂದೇ ಸಲ, ಎಂದು ಕಟ್ಟಿಹಾಕಿತು. 2014ರ ಐದನೆಯದು ಸರದಿಗೊಮ್ಮೆ ಎಂದಿತು. ಅಲ್ಲಿಗೆ ಎಡಗೈ ಪೆಟ್ಟು ಹೆಚ್ಚಿಸುವ ಯಂತ್ರವಾಗಿ ಉಳಿಯಲಿಲ್ಲ. ಗರ ತಪ್ಪಿದಾಗ ಕಾಯುವ ವಿಮೆಯಾಯಿತು. ಐದನೇ ಮಟ್ಟದ ರೋಗ್‌ಗೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ ಎಂದುಕೊಳ್ಳಿ: ಶೇ. 65 ಸಾಧ್ಯತೆ. ಎರಡು ಸಲ ಯತ್ನಿಸಿದರೆ ಒಂದಾದರೂ ತಗಲುವುದು ಸುಮಾರು ಶೇ. 88. ಮೂರು ದಾಳದ ಸ್ನೀಕ್ ಅಟ್ಯಾಕ್ ಸರದಿಗೆ ಕೊಡುವ ಸರಾಸರಿ 6.8ರಿಂದ 9.2ಕ್ಕೆ ಏರುತ್ತದೆ. ತೊಡಕೆಂದರೆ ಎಡಗೈ ಏಟಿಗೆ 'ಬೋನಸ್ ಆ್ಯಕ್ಷನ್', ಅಂದರೆ ಸರದಿಗೆ ಒಂದೇ ಸಲ ಸಿಗುವ ಕಿರುಕ್ರಿಯೆ, ಖರ್ಚಾಗುತ್ತದೆ. ಹೊಡೆದು ಜಾರಿಕೊಳ್ಳಲು, ಅಡಗಲು ರೋಗ್‌ಗೆ ಬೇಕಾದದ್ದೂ ಅದೇ. ಮೊದಲ ಏಟು ತಗಲಿತೋ, ಓಡು. ತಪ್ಪಿತೋ, ಎಡಗೈ ಬೀಸು. 2023ರ 'ಬಾಲ್ಡರ್ಸ್ ಗೇಟ್ 3' ಕಂಪ್ಯೂಟರ್ ಆಟ ಕಳ್ಳ ಶಾಖೆಯ ರೋಗ್‌ಗೆ ಮೂರನೇ ಮಟ್ಟದಲ್ಲೇ ಎರಡು ಬೋನಸ್ ಆ್ಯಕ್ಷನ್ ಕೊಟ್ಟು ಈ ಸಂಕಟವನ್ನು ಧಾರಾಳವಾಗಿ ನೀಗಿಸಿತು.

ಮೇಜಿನ ಆಟದ 2024ರ ಪರಿಷ್ಕರಣೆ ಹಿಡಿದದ್ದು ಬೇರೆ ದಾರಿ. ಆಯುಧಗಳಿಗೇ ವಿಶೇಷ ಗುಣ ಬಂತು, ರೋಗ್ ಎರಡು ಬಗೆಯ ಆಯುಧಗಳ ಗುಣವನ್ನು ಕೈವಶ ಮಾಡಿಕೊಳ್ಳಬಹುದು. ಗಿಡ್ಡಗತ್ತಿಯ 'ವೆಕ್ಸ್' ಗುಣ, ಏಟು ತಗಲಿದರೆ ಅದೇ ಶತ್ರುವಿನ ಮೇಲಿನ ಮುಂದಿನ ಏಟಿಗೆ ಎರಡು ದಾಳ ಎಸೆದು ದೊಡ್ಡದನ್ನು ಆಯ್ದುಕೊಳ್ಳುವ ಅವಕಾಶ ಕೊಡುತ್ತದೆ. ಕಠಾರಿಯ 'ನಿಕ್' ಗುಣದಿಂದ ಎಡಗೈ ಏಟು ಬಲಗೈ ಏಟಿನ ಜೊತೆಗೇ ಸೇರುತ್ತದೆ, ಬೋನಸ್ ಆ್ಯಕ್ಷನ್ ಖರ್ಚಾಗುವುದಿಲ್ಲ. ಬಲಗೈಗೆ ಕತ್ತಿ, ಎಡಗೈಗೆ ಕಠಾರಿ, ಎರಡೂ ಬೀಸಿ ಮುಗಿದ ಮೇಲೂ ಓಡಿಹೋಗಲು ಕಾಲಿಗೆ ಬಿಡುವು: ಗ್ರೇ ಮೌಸರ್ ಹಿಡಿದಿದ್ದ ಜೋಡಿಯೇ.